ಒಂದ ನಿಮಿಷ ಬಾ ಇಲ್ಲೆ

ಮೊನ್ನೆ ಸಂತಿಂದ ಬರಾಕತ್ತಿದ್ದೆ, ಹಿಂದಿನ ಓಣಿ ತಂಗೆಮ್ಮ ಕೈ ಹಿಡದು ನಿಲ್ಲಿಸಿದ್ಲು. ಆಕಿ ಮಗಳು ಈ ವರ್ಷ ಡಿಗ್ರಿಗೆ ಸೇರ್ಯಾಳ. "ಅಕ್ಕಾರ, ನಿಮ್ಮಾಕಿ ಹೆಂಗ ಓದ್ತಾಳ, ಎಷ್ಟೊತ್ತಿಗೆ ಏಳ್ತಾಳ, ಒಂದೀಟು ಹೇಳ್ರಿ. ನಮ್ಮಾಕಿ ಪುಸ್ತಕ ಹಿಡದ್ರ ಸಾಕು, ಕುಂತಲ್ಲೇ ನಿದ್ದಿ" ಅಂದ್ಲು. ಕೈಯಾಗ ಬದನಿಕಾಯಿ ಚೀಲ, ಮ್ಯಾಲೆ ಬಿಸಲು. "ಬರದು ಹೇಳ್ತೀನಿ ತಡಿಯವ್ವ" ಅಂದು ಬಂದೆ. ಅದಕ್ಕ ಇದನ್ನ ಬರಿಯಾಕ ಕುಂತೀನಿ. ಆಕಿ ಕೇಳಿದ್ದು ನನ್ನ ಮಗಳ ಓದಿನ ಸುದ್ದಿ. ಹೇಳಾಕ ಹೋದ್ರ ಅದರಾಗ ಅರ್ಧ ನನ್ನ ಸುದ್ದಿನ ಬರ್ತೈತಿ, ಏನ್ ಮಾಡ್ಲಿ.

ನನ್ನ ಮಗಳು ಕೊರೊನಾ ಬ್ಯಾಚಿನಾಕಿ. 2020ರ ಮಾರ್ಚ್ ತಿಂಗಳದಾಗ ಸಾಲಿ ಬಂದ್ ಆದಾಗ ಒಂಬತ್ತನೇ ಕ್ಲಾಸು. ಹತ್ತನೇ ಕ್ಲಾಸಿನ ಪಾಠ ಹೆಚ್ಚಾಗಿ ನನ್ನ ಫೋನಿನ್ಯಾಗ ಆದ್ವು, ಅದೂ ಮಾಳಿಗಿ ಮ್ಯಾಲೆ ನೆಟ್‌ವರ್ಕ್ ಹುಡಿಕ್ಕೊಂಡು ಕುಂತು. 2021ರ ಜುಲೈದಾಗ ಎಸ್ಸೆಸ್ಸೆಲ್ಸಿ ಪರೀಕ್ಷಾ ಎರಡ ದಿನದಾಗ ಮುಗಿಸಿಬಿಟ್ರು, ನಿಮಗೆಲ್ಲ ನೆನಪಿರಬೇಕು. 19ನೇ ತಾರೀಖಿಗೆ ಮೂರು ವಿಷಯ, 22ಕ್ಕ ಮೂರು ಭಾಷಾ. ನಾಕು ಉತ್ತರ ಕೊಟ್ಟಿರ್ತಾರ, ಸರಿ ಇದ್ದದ್ದಕ್ಕ ಗುರುತು ಹಾಕಿ ಬರೂದು. ಆವಾಗ ನಮಗ ಖುಷಿನ ಆತು, ಪಾಸಾದ್ಲಲ್ಲ ಅಂತ ಓಣಿಗೆಲ್ಲ ಪೇಡೆ ಹಂಚೀನಿ. ಆದ್ರ ಕುಂತು ಮೂರು ತಾಸು ಬರಿಯೋ ರೂಢಿ ಆಕಿಗೆ ಆಗ್ಲೇ ಇಲ್ಲ ಅನ್ನೂದು ನನಗ ಹೊಳಿಲಿಲ್ಲ. ಪಿಯುಸಿ ಹೆಂಗೋ ಗೈಡು ಓದಿ ದಾಟಿದ್ಲು. 2023ಕ್ಕ ಬಿ.ಕಾಂ. ಸೇರಿದ್ಲು. ಮೊದಲ್ನೇ ಸೆಮಿಸ್ಟರ್ ರಿಸಲ್ಟ್ ಬಂತು, ಎರಡು ವಿಷಯ ಹೋಗಿದ್ವು. ಒಂದು ಲೆಕ್ಕಶಾಸ್ತ್ರ, ಇನ್ನೊಂದು ಇಂಗ್ಲೀಷ್.

ಮನಿಯಾಗ ಎರಡ ದಿನ ಯಾರೂ ಮಾತಾಡ್ಲಿಲ್ಲ. ನಮ್ಮ ಯಜಮಾನ್ರು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯೋರು, ಮೂವತ್ತು ವರ್ಷದಿಂದ ಅದೇ ಕೆಲಸ. ಲೆಕ್ಕದ ಮನಿಯಾಗಿನ ಹುಡುಗಿ ಲೆಕ್ಕದಾಗನ ಹೋದ್ಲು ಅನ್ನೂದು ಅವ್ರಿಗೆ ಭಾಳ ಹತ್ತಿತು. ಬೈಲಿಲ್ಲ, ಊಟ ಕಡಿಮಿ ಮಾಡಿದ್ರು ಅಷ್ಟ. ಮೂರ್ನೇ ದಿನ ಬಂಧುಗಳ ಪೈಕಿ ಒಬ್ರು ಹಿರೇರು ಬಂದ್ರು (ಹೆಸರು ಹೇಳೂದಿಲ್ಲ, ಅವ್ರೂ ಇದನ್ನ ಓದ್ತಾರ). ಚಾ ಕುಡಿಯಾಕತ್ತಿ, "ಎರಡು ಹೋಗ್ಯಾವಂತಲ್ಲ. ಹೆಣ್ಮಗಳಿಗೆ ಇನ್ನ ಎಷ್ಟಂತ ಓದಸ್ತೀರಿ, ಸಿಂಧನೂರು ಕಡಿ ಒಂದು ಛಲೋ ಮನಿತನ ಐತಿ" ಅಂದ್ರು. ಮಗಳು ಒಳಗ ಬಾಗಲ ಮರಿಗೆ ನಿಂತಿದ್ಲು. ನಾ ಆಕಿ ಕಾಲು ನೋಡಿದೆ, ಕಾಲ ಬಟ್ಟು ಮಡಚಿ ನೆಲ ಒತ್ತಿ ಹಿಡದಿದ್ಲು.

ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಯಾಕಂದ್ರ ಈ ಮಾತು ನಾ ಮೊದಲೂ ಕೇಳಿದ್ದೆ.

ನಾ ಸೆಕೆಂಡ್ ಪಿಯುಸಿ ಪರೀಕ್ಷೆ ಬರದಿದ್ದು 1988ರಾಗ. ಆಗ ಕೊಪ್ಪಳ ಜಿಲ್ಲೆ ಇದ್ದಿಲ್ಲ, ನಾವೆಲ್ಲ ರಾಯಚೂರು ಜಿಲ್ಲೆದವ್ರು. 1997ಕ್ಕ ಕೊಪ್ಪಳ ಬ್ಯಾರೆ ಆತು. ಡಿಗ್ರಿ ಅಂದ್ರ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರಿನ ಸರ್ಟಿಫಿಕೇಟು, ಅದನ್ನ ನಮ್ಮ ಓಣಿ ಒಬ್ಬ ಅಣ್ಣನ ಮನಿಯಾಗ ಕಟ್ಟು ಹಾಕಿ ಗ್ವಾಡಿಗೆ ತೂಗ ಹಾಕಿದ್ರು, ದೇವರ ಫೋಟೋ ಪಕ್ಕಕ್ಕ. ನನಗೂ ಅಂಥದ್ದೊಂದು ಬೇಕು ಅಂತ ಆಸೆ ಇತ್ತು. ಇಂಗ್ಲೀಷ್ ಹೋತು. ಅಕ್ಟೋಬರ್‌ದಾಗ ಕಟ್ಟಿದೆ, ಪಾಸೂ ಆದೆ. ಆದ್ರ ಆ ಅಕ್ಟೋಬರ್ ಬರೂದ್ರೊಳಗ ನನ್ನ ಮದುವಿ ಮಾತು ಮುಗದಿತ್ತು. ಅಪ್ಪನ್ನ ದೂರೂದಿಲ್ಲ, ನಮ್ಮ ಹಿಂದ ಇನ್ನ ಮೂರು ಮಂದಿ ಹೆಣ್ಮಕ್ಕಳಿದ್ರು. ಖರೆ ಹೇಳ್ತೀನಿ, ನಾ ಯಾಕ ಹೋದೆ ಇಂಗ್ಲೀಷಿನ್ಯಾಗ ಅಂತ ಅಷ್ಟು ವರ್ಷ ವಿಚಾರ ಮಾಡಿದ್ದಿಲ್ಲ. ನನ್ನ ತಲಿ ಅಷ್ಟ ಅಂತ ತಿಳ್ಕೊಂಡಿದ್ದೆ.

ಮರುದಿನ ಮಗಳನ್ನ ಕುಂದ್ರಿಸ್ಕೊಂಡು ಕೇಳಿದೆ. "ದಿನಾ ಪುಸ್ತಕ ಹಿಡ್ಕೊಂಡು ಕುಂದ್ರತೀ, ನಾ ಕಣ್ಣಾರೆ ನೋಡೀನಿ. ಮತ್ತ ಹೆಂಗ ಹೋತವ್ವ?" ಆಕಿ ಏನೂ ಅನ್ಲಿಲ್ಲ. ವಾರ ಬಿಟ್ಟು ಒಂದ ರಾತ್ರಿ ನೋಟ್‌ಬುಕ್ ತಂದು ನನ್ನ ಮುಂದ ಇಟ್ಲು. ಹಿಂದಿನ ಹಾಳ್ಯಾಗ ಪೆನ್ಸಿಲ್ಲಿಂದ ಗೆರಿ ಎಳದಿದ್ಲು, ಹಾಲಿನವ್ರು ಗ್ವಾಡಿಗೆ ಎಳೀತಾರಲ್ಲ ಹಂಗ, ನಾಕು ಉದ್ದ ಒಂದು ಅಡ್ಡ. ಎಣಿಸಿದೆ, 23 ಆದ್ವು. "ಏನಿದು?" ಅಂದೆ.

"ಇವತ್ತ ಸಂಜಿ ಆರರಿಂದ ಹತ್ತರೊಳಗ ನೀ ನನ್ನ ಕರದದ್ದು" ಅಂದ್ಲು.

ನನಗ ಸಿಟ್ಟು ಬಂತು. "ನಾ ಏನ್ ಹೊಲಕ್ಕ ಕಳಸಿದ್ನೇನು? ಒಂದ ನಿಮಿಷದ ಕೆಲಸಕ್ಕ ಕರದಿರಬೇಕು" ಅಂದೆ. ಆಕಿ ಪ್ರತಿ ಗೆರಿ ಮುಂದ ಬರದಿದ್ದನ್ನ ತೋರಿಸಿದ್ಲು. ಗ್ಯಾಸ್ ಸಣ್ಣ ಮಾಡು. ಅಜ್ಜಿಗೆ ನೀರು ಕೊಡು. ಯಾರ ಬಂದಾರ ನೋಡು. ಕೊತ್ತಂಬರಿ ಎಲ್ಲಿಟ್ಟೀ. ನಳ ಬಂತೇನು ನೋಡು. ಅಣ್ಣಗ ಊಟಕ್ಕ ಇಡು. ರಿಮೋಟ್ ಎಲ್ಲೈತಿ. ಇನ್ನ ಒಂದು, ಓದಿ ನನಗ ಮಾರಿ ಮ್ಯಾಲೆ ಹೊಡದಂಗಾತು: "ಓದಾಕತ್ತಿಯೇನು ಅಂತ ಕೇಳಾಕ."

ಕರದದ್ದು ಒಂದ ನಿಮಿಷಕ್ಕ, ಖರೆ. ಹೋಗಿ ಬಂದು ಕುಂತು, ಎಲ್ಲಿದ್ದೆ ಅಂತ ಹುಡುಕಿ, ಮತ್ತ ಆ ಲೆಕ್ಕದೊಳಗ ಇಳಿಯಾಕ ಹತ್ತು ನಿಮಿಷ ಬೇಕಂತ. ಇಳಿಯೂದ್ರೊಳಗ ನಾ ಮತ್ತ ಕರದಿರ್ತೀನಿ. ನಾವು ರೊಟ್ಟಿ ಬಡಿಯಾಕ ಕುಂತಾಗ ಯಾರರ ಬಾಗಲ ಬಡದ್ರ ಹೆಂಗಾಗ್ತೈತಿ ಹೇಳ್ರಿ. ಪರಾತದಾಗ ನಾದಿದ ಹಿಟ್ಟು ಆರ್ತೈತಿ, ಹಂಚು ಕಾದು ಹೊಗಿ ಏಳ್ತೈತಿ, ಬಂದು ಬಡದ್ರ ಅಂಚು ಸೀಳ್ತೈತಿ. ಮತ್ತ ಬಿಸಿನೀರು ಹಾಕಿ ನಾದಬೇಕು. ದಿನಾ ನಾಕು ರೊಟ್ಟಿಗೊಮ್ಮೆ ಎಬ್ಬಿಸಿದ್ರ ನಾವು ಸುಮ್ನಿರ್ತೀವೇನು?

ಆ ರಾತ್ರಿ ನನಗ 1988 ಮತ್ತ ನೆನಪಾತು. ಕಂದೀಲ ಮುಂದ ನಾ ಇಂಗ್ಲೀಷ್ ಪುಸ್ತಕ ಹಿಡದು ಕುಂತಿದ್ದು, ನಮ್ಮವ್ವ ಒಳಗಿಂದ, "ಒಂದ ನಿಮಿಷ ಬಾ ಇಲ್ಲೆ" ಅಂತಿದ್ದು. ಅದೇ ಮಾತು, ಅದೇ ಧ್ವನಿ. ನಮ್ಮವ್ವನೂ ಕೆಟ್ಟಾಕಿ ಅಲ್ಲ. ಆಕಿಗೆ ಆರು ಮಂದಿ ಮಕ್ಕಳು, ಎರಡು ಎಮ್ಮಿ.

ಇನ್ನೊಂದು ಮಾತು ನಾನ ಒಪ್ಕೊಬೇಕು. ಮಗನ್ನ ನಾ ಎಷ್ಟ ಸಲ ಕರೀತಿದ್ದೆ ಅಂತ ಎಣಿಸಿದ್ರ ಒಂದೋ ಎರಡೋ. ಅಂವ ಓದೂ ಮುಂದ, "ಓದ್ಲಿ ಬಿಡು, ಎಬ್ಬಿಸಬ್ಯಾಡ" ಅಂತ ನಾನ ಉಳಿದವ್ರಿಗೆ ಹೇಳೀನಿ. ಇದನ್ನ ಯಾರೂ ನನಗ ಕಲಿಸಿಕೊಟ್ಟಿಲ್ಲ, ತಾನ ಬಂದುಬಿಟ್ಟಿತ್ತು.

ಆಮ್ಯಾಲೆ ಮನಿಯಾಗ ಒಂದು ಕರಾರು ಆತು. ಸಂಜಿ ಏಳರಿಂದ ಒಂಬತ್ತು ಪಾಠದ ಹೊತ್ತು. ಒಳಕೋಣಿ ಬಾಗಲ ಮುಂದ ಮಾಡಿರಬೇಕು. ಮನಿ ಹತ್ತಿ ಉರದ್ರ ಮಾತ್ರ ಕರಿಯೂದು. ಹೇಳೂದು ಸಸಾರ, ಮಾಡಾಕ ಹೋದ್ರ ತಿಳೀತು. ನಮ್ಮ ಅತ್ತಿಗೆ ಎಂಬತ್ತು ದಾಟ್ಯಾವ, ಮೊಮ್ಮಗಳ ಕೈಯಾಗಿನ ನೀರ ಬೇಕು ಅವ್ರಿಗೆ. ಅವ್ರ ಹಾಸಿಗಿ ಪಕ್ಕಕ್ಕ ತಂಬಿಗಿ ತುಂಬಿ ಇಟ್ಟೆ, ಎರಡ ದಿನ ಮುನಿಸ್ಕೊಂಡ್ರು. ಮಗನಿಗೆ, ನಿನ್ನ ತಾಟು ನೀನ ಹಚ್ಕೊಬೇಕು, ನಳ ಬಂದ್ರ ನೀನ ನೋಡಬೇಕು ಅಂದೆ. ಅಂವ ಒಂದು ವಾರ ಕೊಡ ಎಲ್ಲೈತಿ, ಪೈಪು ಎಲ್ಲೈತಿ ಅಂತ ಒದರಾಡಿದ. ಈಗ ಸುಮ್ನ ತುಂಬ್ತಾನ. ನನ್ನ ಪಾಲಿಗೆ ಬಂದದ್ದು ಧಾರಾವಾಹಿ. ನಮ್ಮ ಟಿವಿ ಪಡಸಾಲ್ಯಾಗ, ಅದರ ಹಿಂದ ಒಳಕೋಣಿ. ಏಳರಿಂದ ಒಂಬತ್ತು ಅಂದ್ರ ನಾ ನೋಡೋ ಮೂರೂ ಧಾರಾವಾಹಿ ಹೋದ್ವು. ಮರುದಿನ ಮಧ್ಯಾನ ಫೋನಿನ್ಯಾಗ ನೋಡ್ತೀನಿ. ಆದ್ರ ಮುಂಜಾನಿ ನೀರು ತುಂಬೂವಾಗ ನೀವೆಲ್ಲ ಸೇರಿ ಕತಿ ಮುಂದ ಹೇಳಿಬಿಡ್ತೀರಿ, ಅದು ಬ್ಯಾರೆ ಮಾತು.

ನಾ ಏನ್ ತಿಳ್ಕೊಂಡೆ ಅಂದ್ರ, ಇಷ್ಟು ಮಾಡಿದ್ರ ಮುಗೀತು, ಇನ್ನ ರ್‍ಯಾಂಕ್ ಬರೂದ ಬಾಕಿ. ಹಂಗೇನೂ ಆಗ್ಲಿಲ್ಲ. ಎರಡು ತಾಸು ಯಾರೂ ಕರೀಲಿಲ್ಲ ಅಂದ್ರ ಎರಡು ತಾಸು ಓದಿದಂಗ ಅಲ್ಲ. ಒಂದಿನ ಅಪ್ಪ ಸುಮ್ನ ಕೇಳಿದ್ರು, "ಇವತ್ತ ಏನ್ ಓದಿದೆವ್ವ?" "ಜರ್ನಲ್ ಎಂಟ್ರಿ." "ಒಂದು ಹೇಳು ನೋಡೋಣು." ಹುಡುಗಿ ಬಾಯಿ ತಗೀಲಿಲ್ಲ. ಪುಸ್ತಕದಾಗ ಬಿಡಿಸಿದ ಲೆಕ್ಕ ಐದಾರು ಸಲ ಓದಿದ್ಲಂತ, ಓದೂವಾಗ ಎಲ್ಲಾ ತಿಳದಂಗ ಅನಿಸಿತ್ತಂತ. ಆ ತಿಳದಂಗ ಅನಿಸೂದ ಮೋಸ ನೋಡ್ರಿ. ನಾ ಮದುವಿಗಿಂತ ಮೊದಲು ನಮ್ಮವ್ವ ರೊಟ್ಟಿ ಬಡಿಯೂದನ್ನ ಸಾವಿರ ಸಲ ನೋಡಿದ್ದೆ. ಇಲ್ಲಿ ಬಂದು ಮೊದಲ್ನೇ ದಿನ ಹಿಟ್ಟಿಗೆ ಕೈ ಹಚ್ಚಿದಾಗ ಗೊತ್ತಾತು, ನೋಡಿದ್ದು ಬ್ಯಾರೆ, ಬಂದದ್ದು ಬ್ಯಾರೆ. ನಮ್ಮ ಅತ್ತಿ ಆ ರೊಟ್ಟಿ ಎಮ್ಮಿಗೆ ಹಾಕಿದ್ರು, ಎಮ್ಮಿನೂ ಮೂಸಿ ನೋಡಿ ಬಿಟ್ಟಿತು.

ಅವತ್ತಿಂದ ಯಜಮಾನ್ರು ರಾತ್ರಿ ಊಟ ಆದ ಮ್ಯಾಲೆ ಅರ್ಧ ತಾಸು ಮಗಳ ಜೋಡಿ ಕುಂದ್ರಾಕ ಶುರು ಮಾಡಿದ್ರು. ಅವ್ರು ಓದಿದ್ದು ಎಸ್ಸೆಸ್ಸೆಲ್ಸಿ. ಕಾಲೇಜಿನ ಇಂಗ್ಲೀಷ್ ಪದ ಅವ್ರಿಗೆ ಗೊತ್ತಿಲ್ಲ, ಮಿಲ್ಲಿನ ಲೆಕ್ಕ ಗೊತ್ತೈತಿ. "ಕಾರಟಗಿ ರೈತ ಒಬ್ಬಾಂವ 75 ಕಿಲೋದ್ದು ನೂರು ಚೀಲ ಭತ್ತ ತಂದು ಹಾಕಿದ. ರೊಕ್ಕ ಇನ್ನೂ ಕೊಟ್ಟಿಲ್ಲ. ಎಲ್ಲೆ ಬರೀತೀ?" ಮಗಳು ಪುಸ್ತಕ ಮುಚ್ಚಿ ಹಾಳಿ ಮ್ಯಾಲೆ ಬರೀಬೇಕು: ಖರೀದಿ ಖಾತೆ ಡೆಬಿಟ್, ರೈತನ ಖಾತೆ ಕ್ರೆಡಿಟ್. ತಪ್ಪಿದ್ರ ಹೇಳಿಕೊಡ್ತಿದ್ದಿಲ್ಲ, "ಮತ್ತ ನೋಡು" ಅಂತಿದ್ರು. ಆಕಿಗೆ ಒಂದು ಸಂಶೆ ಇತ್ತು, ನನಗೂ ಇತ್ತು. ಬ್ಯಾಂಕಿನಿಂದ ಮೆಸೇಜ್ ಬಂದಾಗ ರೊಕ್ಕ ಬಂದ್ರ ಕ್ರೆಡಿಟ್ ಅಂತಾರ, ಪುಸ್ತಕದಾಗ ನಮಗ ರೊಕ್ಕ ಬಂದ್ರ ಡೆಬಿಟ್ ಅಂತೈತಿ, ಇದು ಹೆಂಗ? ಯಜಮಾನ್ರು ನಕ್ಕೋತ ಹೇಳಿದ್ರು: "ಮೆಸೇಜ್ ಬ್ಯಾಂಕಿನವ್ರ ವಹಿದ್ದು. ನೀ ರೊಕ್ಕ ಇಟ್ರ ಅವ್ರು ನಿನಗ ಕೊಡಬೇಕಾದ ಸಾಲ ಹೆಚ್ಚಾತು, ಅದಕ್ಕ ಅವ್ರ ವಹ್ಯಾಗ ನೀ ಕ್ರೆಡಿಟ್. ನಿನ್ನ ವಹ್ಯಾಗ ಬ್ಯಾಂಕು ನಿನಗ ಕೊಡಬೇಕು, ಅದಕ್ಕ ಬ್ಯಾಂಕು ಡೆಬಿಟ್. ವಹಿ ಯಾರದು ಅಂತ ಮೊದಲು ಕೇಳು." ಮೂವತ್ತು ವರ್ಷ ಸಂಸಾರ ಮಾಡೀನಿ, ಇಂಥಾ ಮಾತು ಇವ್ರ ಬಾಯಾಗ ಐತಿ ಅಂತ ನನಗ ಗೊತ್ತಿದ್ದಿಲ್ಲ.

ಉಳಿದ ವಿಷಯಕ್ಕ ನಾನ ಮಾಸ್ತರಮ್ಮ. ಮುಂಜಾನಿ ಮೆಂತೆ ಪಲ್ಲೆ ಸೋಸೂವಾಗ, ಶೇಂಗಾ ಸುಲಿಯೂವಾಗ ಆಕಿನ್ನ ಎದುರಿಗೆ ಕುಂದ್ರಿಸ್ಕೊಂತೀನಿ. ಅದು ಪಾಠದ ಹೊತ್ತಲ್ಲ, ಅಲ್ಲಿ ಕೆಲಸ ಹೇಳಬಹುದು. ಕೈ ಕೆಲಸ ಮಾಡ್ತಿರ್ತೈತಿ, ಬಾಯಿ ಖಾಲಿ ಇರ್ತೈತಿ. "ನಿನ್ನೆ ಏನ್ ಕಲ್ತೀ, ನನಗ ತಿಳಿಯೋ ಹಂಗ ಹೇಳು" ಅಂತೀನಿ. ಮಾರ್ಕೆಟಿಂಗ್ ಅಂತ ಒಂದು ವಿಷಯ ಇತ್ತು, ಬೆಲೆ ಹೆಂಗ ಇಡತಾರ, ಗಿರಾಕಿ ಹೆಂಗ ನೋಡ್ತಾರ ಅಂತ. ನಾ ಗಾಂಧಿ ಸರ್ಕಲ್ ಸೀರಿ ಅಂಗಡಿ ಸುದ್ದಿ ತಗದು ಅಡ್ಡ ಪ್ರಶ್ನೆ ಕೇಳ್ತಿದ್ದೆ. ಆಕಿ ತೊದಲಿದಲ್ಲಿ ಗುರುತು ಮಾಡ್ಕೊಂಡು ಸಂಜಿಗೆ ಅದನ್ನಷ್ಟ ಓದ್ತಿದ್ಲು. ನಾ ತಿಳಿಯದಾಕಿ ಆಗಿದ್ದು ಅಲ್ಲಿ ಛಲೋನ ಆತು. ತಿಳದಾಕಿ ಮುಂದ ಅರ್ಧ ಹೇಳಿ ಬಿಡ್ತಾರ, ತಿಳಿಯದಾಕಿ ಮುಂದ ಪೂರಾ ಹೇಳಬೇಕಾಗ್ತೈತಿ.

ಇದನ್ನ ದೊಡ್ಡ ದೊಡ್ಡವ್ರು ಪರೀಕ್ಷೆ ಮಾಡಿ ಬರದಾರಂತ, ಮಗಳ ಆಮ್ಯಾಲೆ ಹುಡುಕಿ ಓದಿ ಹೇಳಿದ್ಲು. 2006ರಾಗ ಅಮೆರಿಕಾದಾಗ ರೋಡಿಗರ್, ಕಾರ್ಪಿಕಿ ಅಂತ ಇಬ್ರು, ಕಾಲೇಜು ಹುಡುಗರಿಗೆ ಪಾಠ ಕೊಟ್ಟು, ಕೆಲವ್ರಿಗೆ ಅದನ್ನ ತಿರುಗಿ ತಿರುಗಿ ಓದ್ರಿ ಅಂದ್ರಂತ, ಕೆಲವ್ರಿಗೆ ಓದಿ ಪುಸ್ತಕ ಮುಚ್ಚಿ ನೆನಪಾದಷ್ಟು ಬರೀರಿ ಅಂದ್ರಂತ. ಐದು ನಿಮಿಷ ಬಿಟ್ಟು ಕೇಳಿದ್ರ ಓದಿದವ್ರ ಮುಂದ. ವಾರ ಬಿಟ್ಟು ಕೇಳಿದ್ರ ಮುಚ್ಚಿ ಬರದವ್ರ ಭಾಳ ಮುಂದ. ಆದ್ರ ತಿರುಗಿ ಓದಿದವ್ರಿಗೆ "ನಮಗ ಛಲೋ ನೆನಪಿರ್ತೈತಿ" ಅನ್ನೋ ಧೈರ್ಯ ಹೆಚ್ಚಿತ್ತಂತ. ನನ್ನ ರೊಟ್ಟಿ ಧೈರ್ಯದಂಗ.

ಇನ್ನೊಬ್ಬಾಂವ ಜರ್ಮನಿಯಾಂವ, ಎಬ್ಬಿಂಗ್‌ಹೌಸ್ ಅಂತ, 1885ರಾಗ ಪುಸ್ತಕ ಬರದಾನ. ಅರ್ಥ ಇಲ್ಲದ ತುಣುಕು ಅಕ್ಷರ ಬಾಯಿಪಾಠ ಮಾಡಿ, ಎಷ್ಟೊತ್ತಿಗೆ ಎಷ್ಟು ಮರೀತೀನಿ ಅಂತ ತನ್ನ ಮ್ಯಾಲೇ ನೋಡ್ಕೊಂಡಾನ. ಮರಿಯೂದು ಮೊದಲ್ನೇ ದಿನದಾಗ ಭಾಳ, ಆಮ್ಯಾಲೆ ನಿಧಾನ. ನಡುವ ನಡುವ ಬಿಟ್ಟು ತಿರುಗಿ ಕಲ್ತ್ರ ಗಟ್ಟಿ ನಿಲ್ತೈತಿ. ಕೇಳಿ ನಾ ನಕ್ಕೆ. ಮಾವಿನ ಉಪ್ಪಿನಕಾಯಿ ಹಾಕಿದಾಗ ನಾವು ಏನ್ ಮಾಡ್ತೀವಿ? ಮೊದಲ್ನೇ ವಾರ ದಿನಾ ತಿರುವತೀವಿ, ಆಮ್ಯಾಲೆ ಎರಡು ದಿನಕ್ಕ, ಆಮ್ಯಾಲೆ ವಾರಕ್ಕ ಒಮ್ಮೆ. ಮೊದಲ್ನೇ ವಾರ ಮರೆತು ಕುಂತ್ರ ಮ್ಯಾಲೆ ಬೂಸು ಬರ್ತೈತಿ, ಆಮ್ಯಾಲೆ ಎಷ್ಟು ತಿರುವಿದ್ರೂ ಅಷ್ಟ. ಅಡಿಗಿ ಮನಿ ಕ್ಯಾಲೆಂಡರ್‌ದಾಗ ನಾ ಹಾಲಿನ ಲೆಕ್ಕ ಬರೀತೀನಿ. ಅದರ ಕೆಳಗ ಆಕಿ ಪಾಠದ ಹೆಸರು ಬರಿಯಾಕ ಹತ್ತಿದ್ಲು: ಇವತ್ತ ಓದಿದ್ದು, ನಾಳೆ ಒಮ್ಮೆ, ಮೂರು ದಿನಕ್ಕ ಒಮ್ಮೆ, ವಾರಕ್ಕ ಒಮ್ಮೆ. ಹಾಲಿನಾಂವ ಒಂದಿನ ಬಂದು, "ಅಕ್ಕಾರ, ಇದೇನು ಸವಕಳಿ ಅಂತ ಬರದೀರಿ, ಹಾಲು ಸವಕಳಿ ಮಾಡೀನೇನು?" ಅಂತ ಕೇಳಿದ. ಸವಕಳಿ ಅಂದ್ರ ಅದು ಲೆಕ್ಕದಾಗ ಬರ್ತೈತಿ, ಮಿಷನ್ನು ವರ್ಷದಿಂದ ವರ್ಷಕ್ಕ ಬೆಲೆ ಕಳ್ಕೊಳ್ಳೂದು.

ಗಡಿಯಾರದ್ದೂ ಒಂದು ಆಟ ಆತು. ಇಟಲಿಯಾಂವ ಒಬ್ಬ, ಚಿರಿಲೊ ಅಂತ, ಓದಾಕ ಮನಸ್ಸು ನಿಲ್ಲದಾಗ ಟೊಮ್ಯಾಟೊ ಆಕಾರದ ಅಡಿಗಿ ಮನಿ ಗಡಿಯಾರ ಇಟ್ಕೊಂಡು 25 ನಿಮಿಷ ಓದೂದು, 5 ನಿಮಿಷ ಬಿಡೂದು ಅಂತ ಶುರು ಮಾಡಿದ್ನಂತ. ನಮ್ಮಾಕಿನೂ ಮಾಡಿ ನೋಡಿದ್ಲು. ಇಂಗ್ಲೀಷಿಗೆ ಅದು ಹೊಂದಿತು. ಲೆಕ್ಕಕ್ಕ ಹೊಂದಲಿಲ್ಲ, ಒಂದು ದೊಡ್ಡ ಲೆಕ್ಕ ಬಿಡಿಸೂದ್ರೊಳಗ ಗಂಟಿ ಹೊಡದು ತಾಳಾ ತಪ್ಪತಿತ್ತು. ಲೆಕ್ಕಕ್ಕ 45 ನಿಮಿಷ ಮಾಡ್ಕೊಂಡ್ಲು. ಯಾರೋ ಹೇಳಿದ್ರು ಅಂತ ಹಂಗಂಗ ಹಿಡಕೊಬಾರ್ದು, ನಮ್ಮ ಒಲಿಗೆ ನಮ್ಮ ಉರಿ. ಫೋನಿನ್ಯಾಗ ಗಂಟಿ ಇಟ್ರ ಮಾತ್ರ ಕೆಲಸ ಕೆಡ್ತೈತಿ, ಗಂಟಿ ಬಂದ್ ಮಾಡಾಕ ಹೋದಾಕಿ ಅರ್ಧ ತಾಸು ರೀಲ್ಸ್ ನೋಡ್ತಾಳ. ನನ್ನ ಹಳೇ ಅಲಾರಂ ಗಡಿಯಾರ ಕೊಟ್ಟೆ. ಫೋನು ಫ್ರಿಜ್ ಮ್ಯಾಲೆ. ಆದ್ರ ಕಾಲೇಜಿನ ನೋಟ್ಸು ವಾಟ್ಸಾಪಿನ್ಯಾಗ ಬರ್ತಾವಂತ ಒಂದು ಜಗಳ ಇತ್ತು. ಕಡೀಗೆ, ಆರರಿಂದ ಏಳರೊಳಗ ಬೇಕಾದ್ದನ್ನ ಕೈಯಿಂದ ಇಳಿಸ್ಕೊಂಡು ಫೋನು ಮ್ಯಾಲೆ ಇಡೂದು ಅಂತ ಆತು. ಇಳಿಸ್ಕೊಳ್ಳೂವಾಗನ ಅರ್ಧ ತಲಿಗೆ ಹೋಗ್ತೈತಿ ಅಂತ ಆಕಿನ ಹೇಳ್ತಾಳ.

ಕನಕಗಿರಿ ಕಡಿಂದ ಬರೋ ಆಕಿ ಗೆಳತಿ ಒಬ್ಬಾಕಿ ಅದಾಳ. ಆ ಹುಡುಗಿಗೆ ಮನಿಯಾಗ ಒಳಕೋಣಿನೂ ಇಲ್ಲ, ಬಾಗಲನೂ ಇಲ್ಲ. 2023ರ ಜೂನ್‌ದಾಗ ಹೆಣ್ಮಕ್ಕಳಿಗೆ ಬಸ್ಸು ಫ್ರೀ ಆದ ಮ್ಯಾಲೆ ಅವ್ರಪ್ಪ ಕಾಲೇಜಿಗೆ ಕಳಿಸಿದ್ದು. ಬಸ್ಸಿನ್ಯಾಗ ಸೀಟು ಸಿಗೂದಿಲ್ಲ, ಕಂಬಿ ಹಿಡ್ಕೊಂಡು ನಿಂತು ಬರ್ತಾಳ. ಬರೂವಾಗ ಕಣ್ಣ ಮುಚ್ಚಿ ನಿನ್ನೆ ಪಾಠ ಮನಸ್ಸಿನ್ಯಾಗ ಹೇಳ್ಕೊಂತಾಳ, ಹೋಗೂವಾಗ ಇವತ್ತಿಂದು. ಆಕಿಗೆ ಯಾವ ಅಮೆರಿಕಾದವ್ರೂ ಹೇಳಿಕೊಟ್ಟಿಲ್ಲ. ಆಕಿ ಮೊದಲ್ನೇ ಸೆಮಿಸ್ಟರ್ ಎಲ್ಲಾ ವಿಷಯ ಪಾಸು. ಆಕಿ ಬಂದ ದಿನ ನಾ ಒಗ್ಗರಣಿ ಮಿರ್ಚಿ ಮಾಡ್ತೀನಿ, ಎರಡನೇ ತಾಟು ಕೇಳದನ ಹಾಕ್ತೀನಿ.

ಇಷ್ಟೆಲ್ಲ ದಿನಾ ನಡೀತು ಅಂತ ತಿಳ್ಕೊಬ್ಯಾಡ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋತಲ್ಲ, ಆ ವಾರ ಯಾವ ಪಾಠ, ಯಾವ ಹೊತ್ತು. ನಮ್ಮೂರು ಉಣ್ಣೂದ ಎಡದಂಡಿ ಕಾಲುವಿಯಿಂದ. 33 ಗೇಟಿನ್ಯಾಗ ಒಂದು ಹೋದ್ರ ಏನಾಗ್ತೈತಿ ಅಂತ ಅವತ್ತ ತಿಳೀತು. ತುಂಬಿದ ಡ್ಯಾಮಿನ ನೀರು ಹೊಳಿಗೆ ಹರದು ಹೋಗೂದನ್ನ ಟಿವಿಯಾಗ ನೋಡಿ ಯಜಮಾನ್ರು ಹೊರಗ ಒಳಗ ತಿರಗಾಡಿದ್ರು. ಬೆಳಿ ಇಲ್ಲಂದ್ರ ಭತ್ತ ಇಲ್ಲ, ಭತ್ತ ಇಲ್ಲಂದ್ರ ಮಿಲ್ಲಿಲ್ಲ. ಮನಿ ತುಂಬ ಮಂದಿ, ಟಿವಿ ಬಂದ್ ಆಗ್ಲೇ ಇಲ್ಲ. ವಾರದಾಗ ಅಡ್ಡ ಗೇಟು ಇಳಿಸಿ ನೀರು ನಿಲ್ಲಿಸಿದ್ರು, ಜೀವ ಬಂದಂಗಾತು. ಅದರ ಹಿಂದ ಗಣಪತಿ ಹಬ್ಬ, ಅದರ ಹಿಂದ ಒಂದು ಮದುವಿ. ಹೆಚ್ಚು ಕಡಿಮಿ ಎರಡು ತಿಂಗಳು ಕ್ಯಾಲೆಂಡರ್‌ದಾಗ ಬರೇ ಹಾಲಿನ ಲೆಕ್ಕ ಇತ್ತು. ಮತ್ತ ಶುರು ಮಾಡಾಕ ಮೊದಲ್ನೇ ಸಲಕ್ಕಿಂತ ಕಷ್ಟ ಆತು. ಮಗಳು, "ಎರಡು ತಾಸು ಬ್ಯಾಡವ್ವ, ಮೊದಲು ಅರ್ಧ ತಾಸು" ಅಂದ್ಲು. ಅರ್ಧ ತಾಸು, ಆಮ್ಯಾಲೆ ಒಂದು ತಾಸು, ಹಂಗ ತಿಂಗಳಿಗೆ ಮತ್ತ ಎರಡಕ್ಕ ಬಂತು.

ರಾತ್ರಿ ಪೂರಾ ಎದ್ದು ಓದೂದನ್ನ ಮಾತ್ರ ಬಿಟ್ಲು. ಮೊದಲ್ನೇ ಸೆಮಿಸ್ಟರ್‌ದಾಗ ಇಂಗ್ಲೀಷ್ ಪರೀಕ್ಷೆ ಹಿಂದಿನ ರಾತ್ರಿ ನಾಕಕ್ಕ ಮಲಗಿದ್ಲು, ನಾನ ಎರಡು ಸಲ ಚಾ ಮಾಡಿ ಕೊಟ್ಟಿದ್ದೆ, ಎಷ್ಟು ಓದಾಕತ್ತಾಳ ನನ್ನ ಮಗಳು ಅಂತ ಹೆಮ್ಮಿ ಬ್ಯಾರೆ. ಪರೀಕ್ಷೆ ಹಾಲಿನ್ಯಾಗ ಪ್ರಶ್ನೆ ಓದಿದ್ರ ಅಕ್ಷರ ಹರದಾಡಿದ್ವಂತ. ಈಗ ಹತ್ತೂವರಿಗೆ ದೀಪ ಆರ್ತೈತಿ. ಚಾ ಕೇಳಿದ್ರ ಕೊಡೂದಿಲ್ಲ.

ಮುಂದಿನ ವರ್ಷ ಎರಡೂ ಕಟ್ಟಿದ್ಲು. ಲೆಕ್ಕಶಾಸ್ತ್ರ ಛಲೋ ಅಂಕದಾಗ ಪಾಸು. ಯಜಮಾನ್ರು ಅವತ್ತ ಮಿಲ್ಲಿಗೆ ಪೇಡೆ ಒಯ್ದಿದ್ರು, ಯಾಕಂತ ಯಾರಿಗೂ ಹೇಳಿಲ್ಲಂತ, ಸುಮ್ನ ತಿನ್ರಿ ಅಂದಾರ. ಇಂಗ್ಲೀಷ್ ಮತ್ತ ಹೋತು. ಆ ದಿನ ಆಕಿಗಿಂತ ನಾ ಹೆಚ್ಚು ಅತ್ತೆ, ಬಚ್ಚಲದಾಗ ನಳ ಬಿಟ್ಕೊಂಡು. ಸಿಂಧನೂರು ಮನಿತನದವ್ರ ಸುದ್ದಿ ಇನ್ನೊಮ್ಮೆ ಬಂತು. ಯಜಮಾನ್ರು ಫೋನಿನ್ಯಾಗ, "ಹುಡುಗಿ ಓದಾಕತ್ತಾಳ, ಈಗ ಬ್ಯಾಡ್ರಿ" ಅಂದ್ರು. ಅಷ್ಟ ಅಂದ್ರು. ನಾ ಅಡಿಗಿ ಮನಿಯಿಂದ ಕೇಳಿಸ್ಕೊಂಡೆ, ಏನೂ ಮಾತಾಡ್ಲಿಲ್ಲ, ಅವತ್ತ ರಾತ್ರಿ ಅವ್ರಿಗೆ ಜುಣಕ ಮಾಡಿ ಹಾಕಿದೆ.

ಇಂಗ್ಲೀಷಿಗೆ ಮನಿಯಾಗ ಹೇಳಿಕೊಡೋರು ಯಾರೂ ಇಲ್ಲ. ನನ್ನ ಇಂಗ್ಲೀಷು ನಿಮಗ ಗೊತ್ತಲ್ಲ. ಆದ್ರ ಮಗಳು ಒಂದು ಉಪಾಯ ಹುಡುಕಿದ್ಲು. ಪಾಠ ಕನ್ನಡದಾಗ ನನಗ ಹೇಳ್ತಾಳ, ಆಮ್ಯಾಲೆ ಅದನ್ನ ನಾಕು ಸಣ್ಣ ಸಣ್ಣ ಇಂಗ್ಲೀಷ್ ವಾಕ್ಯದಾಗ ಬರೀತಾಳ, ಪುಸ್ತಕದ ವಾಕ್ಯ ಅಲ್ಲ, ತನ್ನವು. ನಾ ಪುಸ್ತಕ ಹಿಡದು ಸ್ಪೆಲ್ಲಿಂಗ್ ಅಷ್ಟ ನೋಡ್ತೀನಿ. ಮೊನ್ನೆ ಒಂದು ಪಾಠ ಹೇಳೂವಾಗ ನನಗ 1988ರ ನನ್ನ ಪುಸ್ತಕದ ವಾಸನಿ ಬಂದಂಗಾತು. "ಅವ್ವ, ಅಳಾಕತ್ತಿಯೇನು?" ಅಂದ್ಲು. ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ, ಅದರ ಮ್ಯಾಲೆ ಹಾಕಿದೆ. ಈ ಸಲ ಮೂರನೇ ಸಲ ಬರದಾಳ. ಫಲಿತಾಂಶ ಇನ್ನೂ ಬಂದಿಲ್ಲ.

ಹಿಂದಿನ ಓಣಿ ತಂಗೆಮ್ಮ, ನಿನ್ನ ಮಗಳು ಪುಸ್ತಕ ಹಿಡದ್ರ ನಿದ್ದಿ ಹೊಡೀತಾಳ ಅಂದ್ಯಲ್ಲ. ಆಕಿ ಮುಂಜಾನಿ ಎಷ್ಟಕ್ಕ ಎದ್ದು ಕಸ ಹೊಡೀತಾಳ, ನೀರು ತುಂಬತಾಳ, ಮೊದಲು ಅದನ್ನ ನೋಡು. ಆಮ್ಯಾಲೆ ಒಂದು ಪೆನ್ಸಿಲ್ ಕೊಡು ಆಕಿ ಕೈಯಾಗ, ಒಂದು ವಾರ ಗೆರಿ ಎಳಿಯಾಕ ಹೇಳು. ಎಷ್ಟಾದ್ವು ಅಂತ ನನಗೊಬ್ಬಾಕಿಗೆ ಹೇಳು, ಓಣಿಗೆಲ್ಲ ಹೇಳಬ್ಯಾಡ.

ನಮ್ಮ ಮನಿ ಗೆರಿ ಇನ್ನೂ ನಡದೈತಿ. ನಿನ್ನೆ ಮೂರು. ಅದರಾಗ ಒಂದು ಗ್ಯಾಸ್ ಸಿಲಿಂಡರ್ ಬಂದಿತ್ತು, ಓಟಿಪಿ ಆಕಿ ಫೋನಿಗೆ ಬಂದಿತ್ತು, ಅದು ಲೆಕ್ಕಕ್ಕ ಬರೂದಿಲ್ಲ ಅಂತ ನಾ ವಾದ ಮಾಡೀನಿ. ಆಕಿ ಒಪ್ಪಿಲ್ಲ.